ಬುಧವಾರ ಐದಕ್ಕ

ಬ್ರಹ್ಮಪುರದ ಓಣಿಯಾಗ ಹಿಟ್ಟಿನ ಗಿರಣಿ ಮ್ಯಾಲಿನ ಖೋಲಿ ನಂದು.
ಹಗಲೆಲ್ಲ ಕಾಲಡಿಗೆ ಗುಂಯ್ ಅಂತದ.
ಹನ್ನೊಂದು ವರ್ಷದಿಂದ ಇಲ್ಲಿ
ಒಬ್ಬರಿಗೊಂದು ತಾಸು, ಒಬ್ಬರಿಗೊಂದು ಷಡ್ಜ:
ಶಾಹಿಸ್ತಾಗ ಕರಿ ನಾಕು,
ಕಲ್ಯಾಣರಾವ್ ಮಾಸ್ತರಿಗೆ ಬಿಳಿ ಒಂದು,
ಅಂಬಾರಾಯನ ದನಿ ಈಗ ಒಡೀಲಿಕ್ಕತ್ತದ,
ಅವನ ಷಡ್ಜ ಸೋಮವಾರಕ್ಕೊಂದು, ಗುರುವಾರಕ್ಕೊಂದು.

ಎಲ್ಲಾರನೂ ಕೂಡೇ ಕುಂಡ್ರಸು ಅಂತಾಳ ನಮ್ಮ ವೈನಿ,
ಫೀ ಅರ್ಧ ಮಾಡು, ಮಂದಿ ದುಪ್ಪಟ್ಟು ಬರ್ತಾರ.
ಲೆಕ್ಕ ಖರೇ ಅದ.
ಆದರ ಐದು ಕೊರಳು ಕೂಡಿದಾಗ
ಯಾರ ಗಂಧಾರ ಇಳದದ ಅಂತ ಹ್ಯಾಂಗ ಹಿಡೀಲಿ?
ಸಂತ್ಯಾಗ ಕೂಸಿನ ಕೈ ಬಿಟ್ಟಂಗ.

ನಮ್ಮ ಗುರುಗಳು, ಶಹಾಬಾದದಾಗ,
ಪರಸಿ ಮ್ಯಾಲ ಎದುರಾಬದುರು ಕುಂತು
ನನ್ನೊಬ್ಬಾಕಿನ್ನೇ ತಿದ್ದಿದವರು.
ಕೆಮ್ಮಿದರ ಅದರ ಸುರಾನೂ ಹೇಳ್ತಿದ್ದರು.
ಹಿಂಡಿನ್ಯಾಗ ಬರೋದು ಕುರಿ, ಸಂಗೀತ ಅಲ್ಲ, ಅಂತಿದ್ದರು.
ನಾ ಆ ಮಾತು ನಂಬೀನಿ,
ಇಲ್ಲಾ, ಆ ಮಾತಿನ ಹಿಂದ ಅಡಗೀನಿ.
ಒಬ್ಬರ ಮುಂದ ತಪ್ಪಿದರ ನಕ್ಕು ಪೇಟಿ ಮುಚ್ಚಬಹುದು.
ಐದು ಮಂದಿ ಮುಂದ?

ಚೀಟಿ ಬರೆದು ಮೂರು ಸಲ ಹರದೆ.
'ಬುಧವಾರ ಐದಕ್ಕ, ಎಲ್ಲಾರೂ.'
ಇಷ್ಟು ಬರೀಲಿಕ್ಕ ಒಂದು ಚೈತ್ರ ಹೋತು.

ಆಮ್ಯಾಲ ಒಂದು ಸುಡುಸುಡು ಮಧ್ಯಾಹ್ನ ಕರೆಂಟು ಹೋತು.
ಗಿರಣಿ ನಿಂತಿತು.
ಮೊದಲ ಸಲ ನನಗ ನನ್ನ ಮೆಟ್ಟಲ ಕೇಳಿದವು.
ಪಾಳಿ ಕಾಯ್ಕೋತ ಕುಂತ ಶಾಹಿಸ್ತಾ, ಅಂಬಾರಾಯಗ:
"ಗ ಹತ್ತಲಿಕ್ಕ ಹೊಂಟಿ ಅಂದ್ರ ಗದ್ದ ಎತ್ತತಿ ನೋಡು ನೀ.
ಬಿಡು ಅದನ್ನ.
ನಮ್ಮ ಅಮ್ಮಿ ರೊಟ್ಟಿ ಬಡಿವಾಗ ಭುಜ ಬಿಡ್ತಾಳಲ್ಲ, ಹಂಗ."
ಒಡಕು ದನಿ ಒಮ್ಮೆ ಜಾರಿತು, ಮತ್ತ ಹತ್ತಿತು,
ಗಂಧಾರದ ಮ್ಯಾಲ ಹೋಗಿ ಕುಂತಿತು.
ಎರಡು ವರ್ಷದಾಗ ನಾ ಅವನ ಗದ್ದ ನೋಡೇ ಇರಲಿಲ್ಲ.

ಅವತ್ತ ಸಂಜಿಗೇ ಜಮಖಾನಿ ಅಡ್ಡ ಹಾಸಿದೆ.

ಮೊದಲನೇ ಬುಧವಾರ ಭಾಳ ಕೆಟ್ಟಿತ್ತು, ಮುಚ್ಚಿಡೋದಿಲ್ಲ.
ಕರಿ ಎರಡು ಹಿಡಿದೆ, ಯಾರಿಗೂ ಒಗ್ಗಲಿಲ್ಲ.
ಜೇವರ್ಗಿ ಬಸ್ಸಿನ ಅವ್ವ-ಮಗಳು ತಡಾ ಮಾಡಿ ಬಂದರು.
ಮಾಸ್ತರು ಬಾಗಿಲ ಬಲ್ಲಿ ಕುಂತರು,
ಚಪ್ಪಲ ಕೈಯಳತಿಗೇ ಇಟಗೊಂಡು.
ಹುಡುಗರ ಮುಂದ ಬಾಯಿ ತೆರೀಲಿಕ್ಕ ಅವರಿಗೆ ನಾಚಿಕಿ,
ಮೂವತ್ತು ವರ್ಷ ಹುಡುಗರ ಮುಂದೇ ಬಾಯಿ ತೆರೆದವರಿಗೆ.
ಷಡ್ಜ ಐದು ತುಂಡಾಗಿ ಬಂತು.
ತಿದ್ದಬೇಕಂತ ಕೈ ಎತ್ತಿದೆ.

ಅಷ್ಟರಾಗ ಕೆಳಗ ಗಿರಣಿ ಶುರುವಾತು,
ಯಾರದೋ ಜ್ವಾಳ,
ನನ್ನ ಪೇಟಿಗಿಂತ ಒಂದೀಟು ಕೆಳಗಿನ ಸುರ.
ಮೊದಲು ಮಾಸ್ತರು ಅತ್ತ ಸರದರು.
ಅವ್ವ, ಅವ್ವನ ಹಿಂದ ಮಗಳು. ಆಮ್ಯಾಲ ಅಂಬಾರಾಯ.
ಶಾಹಿಸ್ತಾ ನನ್ನ ಮಾರಿ ನೋಡಿದಳು.
ಪೇಟಿ ಮ್ಯಾಲಿನ ಕೈ ತಗದು
ನಾನೂ ಸರದೆ.