ಲಗತ್ತು ಏಳು

ಸಂಜೆ ಏಳಕ್ಕೆ ಶುರು. ಪುರಸಭೆಯ ನೆಲಮಾಳಿಗೆ.
ಕಾಫಿ ಹಂಡೆ ಮೂಲೆಯಲ್ಲಿ ಗೊರಗೊರ ಅನ್ನುತ್ತಿತ್ತು,
ಹೊರಗೆ ಪಸೇಯಿಕ್ ನದಿ ಮಂಜಿನ ಚೂರು ಹೊತ್ತು
ಹಳೆಯ ಬಣ್ಣದ ಕಾರ್ಖಾನೆ ದಾಟುತ್ತಿತ್ತು.
ನಾನು ನಡಾವಳಿ ಬರೆಯುವವಳು.
ಆಡಿದ್ದಷ್ಟೇ ನನ್ನ ಪಾಲು.

ವಿಷಯ: ಸೇಂಟ್ ಬ್ರೆಂಡನ್ ಆಸ್ಪತ್ರೆ.
ಮಹಡಿ ಆರು, ಉಸಿರಾಡುತ್ತಿರುವುದು ಎರಡು.
ಖಾಲಿ ಬಿದ್ದ ಪೂರ್ವದ ಕಟ್ಟಡ ಪಕ್ಕದ ಕಾಲೇಜಿಗೆ:
ನರ್ಸಿಂಗ್ ತರಗತಿ, ಮೇಲೆ ಹಾಸ್ಟೆಲ್, ಕೆಳಗೆ ಔಷಧಿ ಅಂಗಡಿ.
ರಾಜ್ಯ ಕೊಡುತ್ತದಂತೆ ನಲವತ್ತು ಮಿಲಿಯನ್.
ಕೊಡುವುದೆಂದರೆ ಕೈಯೆತ್ತಿ ಕೊಡುವುದಲ್ಲ,
ಹತ್ತು ವರ್ಷ ಕೇಳದೆ ಸುಮ್ಮನಿರುವುದು.

"ತೆರಿಗೆಯನ್ನೇ ಕಟ್ಟದ ಆಸ್ಪತ್ರೆಗೆ
ತೆರಿಗೆ ಮಾಫಿ ಯಾಕ್ರೀ?" ಅಂದ ಹಿಂದಿನ ಸಾಲಿನವನೊಬ್ಬ.
ಸಲಹೆಗಾರ ಹಾರ್ಲನ್ ವೀಟ್ ನಕ್ಕ, ಇದಕ್ಕೇ ಕಾದವನಂತೆ.
"ಮಾರುತ್ತೇವೆ, ಕಟ್ಟುವವರಿಗೆ. ವಿಮಾ ಕಂಪನಿಯೊಂದು
ಡಾಲರಿಗೆ ತೊಂಬತ್ತೊಂದು ಸೆಂಟಿನಂತೆ ಕೊಳ್ಳುತ್ತದೆ."
ಉಳಿದ ಒಂಬತ್ತು ಯಾರ ಜೇಬಿಗೆಂದು
ಯಾರೂ ಕೇಳಲಿಲ್ಲ. ಕೇಳದ್ದನ್ನು ನಾನು ಬರೆಯುವಂತಿಲ್ಲ.

ಆಮೇಲೆ ಎದ್ದಳು ಡೆಲ್ಫೀನಾ ಅರೂಡಾ,
ಮೂವತ್ತೊಂದು ವರ್ಷ ಅಲ್ಲಿಯ ಬಟ್ಟೆ ಒಗೆದವಳು.
ಮೈಕು ಎತ್ತರ. ತಾನೇ ಕುತ್ತಿಗೆ ಹಿಡಿದು ತಗ್ಗಿಸಿದಳು.

"ನಿಮ್ಮ ನಕ್ಷೆಯಲ್ಲಿ ಕಾರು ನಿಲ್ಲಿಸುವ ಮನೆ ಎಣಿಸಿದೆ,
ಮುನ್ನೂರ ಹನ್ನೆರಡು.
ಗಿಡ ಎಣಿಸಿದೆ, ಹಸಿರು ಪೆನ್ಸಿಲಿನವು, ಅರವತ್ತು.
ಹಾಸಿಗೆ ಸಿಗಲಿಲ್ಲ."

ವೀಟ್ ಹಾಳೆ ಮಗುಚಿದ, ಮತ್ತೆ ಮಗುಚಿದ.
"ಎರಡನೇ ಹಂತದಲ್ಲಿ," ಅಂದ.

"ಹೆರಿಗೆ ವಾರ್ಡು ಮುಚ್ಚಿ ಮೂರು ವರ್ಷ.
ಚರ್ಚಿನ ಮುದುಕಿಯರಿಗೆ ಹೇಳಲು ಯಾರಿಗೋ ಮರೆತಿದೆ.
ಅವರಿನ್ನೂ ಹೆಣೆಯುತ್ತಾರೆ.
ತಿಂಗಳಿಗೊಂದು ಪೆಟ್ಟಿಗೆ ನನ್ನ ಬಾಗಿಲಿಗೆ:
ಹಳದಿ ಕುಲಾವಿ, ತಿಳಿನೀಲಿ ಕುಲಾವಿ, ಮುಷ್ಟಿಯಷ್ಟು.
ಒಗೆದು, ಮಡಿಸಿ, ಕಪಾಟಿಗೆ ಇಡುತ್ತೇನೆ.
ಏಳುನೂರ ನಲವತ್ತಾಯಿತು.
ಹೇಳಲು ನನಗೂ ಬಾಯಿ ಬಂದಿಲ್ಲ."

ಮೂರು ನಿಮಿಷದ ಗಂಟೆ.
ಅವಳು ಕೂರಲಿಲ್ಲ, ಕೋಟು ಹಾಕಿಕೊಂಡು ಹೊರಟಳು.

ಐದು ಪರ, ಎರಡು ವಿರೋಧ. ಒಪ್ಪಿಗೆಯಾಯಿತು.
ನಾನೇನು ಬೇಡವೆನ್ನುವವಳಲ್ಲ.
ತಂಗಿಯ ಮಗಳು ಆ ಕಾಲೇಜಿಗೇ ಅರ್ಜಿ ಹಾಕಿದ್ದಾಳೆ,
ಆ ಕಿಟಕಿಗಳ ತುಂಬ ಈಗ ಪಾರಿವಾಳದ ಹಿಕ್ಕೆ,
ಯಾರಾದರೂ ದೀಪ ಹಚ್ಚಲಿ.
ಕೂಸಿಗೆ ಮುಂಚೆ ಕುಲಾವಿಯೆಂದು ನಗುತ್ತಾರೆ ಜನ.
ನಗಲಿ, ಕೂಸಿನ ಭರವಸೆಯಾದರೂ ಇರುತ್ತದೆ ಆ ಮಾತಿಗೆ.

ರಾತ್ರಿ ಶುದ್ಧಪ್ರತಿ ಬರೆದೆ:
'ಸಾರ್ವಜನಿಕರಲ್ಲಿ ಒಬ್ಬರು ಹಾಸಿಗೆಗಳ ಬಗ್ಗೆ ವಿಚಾರಿಸಿದರು.'

ಕುರ್ಚಿ ಮಡಚಿ ಒಟ್ಟುವಾಗ ಕಂಡಿತು,
ಮೈಕಿನ ಬುಡದಲ್ಲಿ ಹಳದಿಯದೊಂದು,
ಸಾಬೂನಿನ ವಾಸನೆ ಇನ್ನೂ ಹೋಗಿರಲಿಲ್ಲ.
ಸಭೆಗೆ ಸಲ್ಲಿಸಿದ್ದೆಲ್ಲ ಕಡತಕ್ಕೆ ಸೇರಬೇಕೆಂಬುದು ನಿಯಮ.
ನಕ್ಷೆ, ಅಂದಾಜುಪಟ್ಟಿ, ವಿಮಾ ಕಂಪನಿಯ ಪತ್ರ,
ಅವುಗಳ ಹಿಂದೆ ಪಿನ್ನು ಚುಚ್ಚಿದೆ, ಮೆತ್ತಗೆ.

ಲಗತ್ತು ಏಳು:
ಉಣ್ಣೆಯದು. ಒಂದು.
ಕಡತ ಈಗ ಸರಿಯಾಗಿ ಮುಚ್ಚುವುದಿಲ್ಲ.