ಕಾಣಿಕೆ ಚೀಲದ ಲೆಕ್ಕ

ವಾರವಿಡೀ ಮನಾಮದ ಸೂಕಿನಲ್ಲಿ ಚಿನ್ನ ತೂಗುತ್ತೇನೆ.
ಗಾಜಿನ ಗೂಡಿನೊಳಗೆ ತಕ್ಕಡಿ;
ಉಸಿರು ತಾಗಿದರೂ ಅಂಕಿ ನಡುಗುತ್ತದೆ.
ತೂಗುವಾಗ ಉಸಿರು ಬಿಗಿಹಿಡಿಯುವುದು
ಹನ್ನೊಂದು ವರ್ಷದ ಅಭ್ಯಾಸ.

ಶುಕ್ರವಾರ ಅಂಗಡಿಗೆ ಬಂದರೆ ದುಪ್ಪಟ್ಟು ಸಂಬಳ.
ನಾನು ಹೋಗುವುದಿಲ್ಲ, ಕನ್ನಡ ಆರಾಧನೆಗೆ ಹೋಗುತ್ತೇನೆ,
ಹೋಗುತ್ತೇನೆಂದು ನಾಲ್ಕು ಜನಕ್ಕೆ ಹೇಳಿಯೂ ಹೇಳುತ್ತೇನೆ.

ಮುಗಿದ ಮೇಲೆ ಹಿಂದಿನ ಕೋಣೆಯಲ್ಲಿ
ಕಾಣಿಕೆ ಚೀಲ ಬೋರಲು ಹಾಕಿ ಎಣಿಸುವವನು ನಾನೇ.
ಮೊನ್ನೆ, ಅರ್ಧ ದಿನಾರಿನ ನೋಟುಗಳ ನಡುವೆ,
ನಾಲ್ಕಾಗಿ ಹರಿದ ಒಂದು ಚೀಟಿ.
ಜೋಡಿಸಿದೆ:
ಟೈಟಸ್ ಅವರಿಂದ ಮುನ್ನೂರಿಪ್ಪತ್ತು ದಿನಾರು
ಸಾಲ ಪಡೆದಿದ್ದೇನೆ, ಇಂತಿ ಫಿಲೆಮೋನ.
ಫಿಲೆಮೋನನ ಕೆಲಸ ಹೋಗಿ ಐದು ತಿಂಗಳು.
ಕ್ರೇನ್ ಓಡಿಸುವ ಟೈಟಸನ ಮಗಳಿಗೆ
ಬರುವ ಮೇ ತಿಂಗಳಲ್ಲಿ ಮದುವೆ.

ಪುಸ್ತಕದಲ್ಲಿ ಜಮಾ ಇದೆ, ಖರ್ಚು ಇದೆ.
ಇದನ್ನು ಎಲ್ಲಿ ಬರೆಯಲಿ?
ಸಭಾಪಾಲಕರು ಕನ್ನಡಕ ತೆಗೆದು ಒರೆಸಿದರು,
"ಬಂದಿದೆ ಅಂತ ಬರಿ" ಅಂದರು.
ಎಷ್ಟು ಅಂತ ಹೇಳಲಿಲ್ಲ.

ಅಂಥ ಕಾಗದದ ತೂಕ ನನಗೆ ಗೊತ್ತು:
ಒಂದು ಗ್ರಾಂ ಕೂಡ ಇಲ್ಲ.
ನನ್ನ ಜೇಬಿನಲ್ಲೂ ಒಂದಿದೆ,
ಅದೇ ಫಿಲೆಮೋನನ ರುಜು, ಎಂಬತ್ತು ದಿನಾರು,
ಮಡಿಕೆ ಇನ್ನೂ ಗಟ್ಟಿ.

ಗುದೈಬಿಯಾದ ಬಿಸಿಲಲ್ಲಿ ಕೋಣೆಯತ್ತ ನಡೆದೆ.
ಅಂಗಿಯ ಆ ಬದಿ ಜಗ್ಗುತ್ತಿತ್ತು.
ಸಿಗ್ನಲ್ ಹಸಿರಾಯಿತು, ಜನ ದಾಟಿದರು.
ನಾನು ಮಾತ್ರ
ಉಸಿರು ಬಿಗಿಹಿಡಿದು ನಿಂತಿದ್ದೆ,
ಎಲ್ಲೋ ಒಂದು ಅಂಕಿ
ಇನ್ನೂ ನಡುಗುತ್ತಿದ್ದ ಹಾಗೆ.