ನಾಲ್ಕನೆಯ ಕಡೆ

ಸೆತೂಬಲಿನ ಮೀನುಪೇಟೆ ಹಿಂದೆ ತಗಡಿನ ಶೆಡ್ಡು.
ಲೇತಿನ ಬೆನ್ನಿಗೆ ಫಿರ್ಮೀನೊ ಕೂರಿಸುತ್ತಿರುವ ಮೋಟರು
ಹೋದ ತಿಂಗಳವರೆಗೂ
ಅಕ್ಕ ಒಡೆಟ್‌ಳ ಬಟ್ಟೆ ಒಗೆಯುತ್ತಿತ್ತು.

"ದಾರ ಹಿಡಿ" ಅಂದ.
ಹಿಡಿದಳು ಬಿಗಿಯಾಗಿ,
ಈ ರಾಟೆಯ ಅಂಚಿನಿಂದ ಆ ರಾಟೆಯ ಅಂಚಿಗೆ.
ನಾಲ್ಕು ಕಡೆ ತಾಗಬೇಕು.
ಮೂರು ತಾಗಿತು.
ನಾಲ್ಕನೆಯದರಲ್ಲಿ ಕೂದಲೆಳೆಯಷ್ಟು ಬೆಳಕು.

ಬೋಲ್ಟು ಸಡಿಲಿಸಿದ, ತಟ್ಟಿದ, ಮತ್ತೆ ಬಿಗಿದ.
ಬಿಗಿಯುವಾಗಲೇ ಜರುಗುತ್ತದೆ ಹಾಳಾದ್ದು.
ಬೈದ. ಬೈಗುಳಕ್ಕೆ ಕಬ್ಬಿಣ ಬಗ್ಗೀತೆ?

ಇಪ್ಪತ್ತೊಂದು ವರ್ಷ ಕಾರ್ಖಾನೆಯಲ್ಲಿ
ಡಬ್ಬಿಗೆ ಬೂತಾಯಿ ಜೋಡಿಸಿದವಳು,
ತಲೆ ಬಾಲ, ತಲೆ ಬಾಲ,
ಕಣ್ಣಳತೆಯಲ್ಲೇ ಅಂದಳು:
"ಹಿಂದಿನ ಎಡಗಾಲು ತಗ್ಗು."

ಮಧ್ಯಾಹ್ನ ತಿಂದ ಡಬ್ಬಿಯ ಮುಚ್ಚಳ
ಕತ್ತರಿಯಲ್ಲಿ ಕತ್ತರಿಸಿ
ಜಿಡ್ಡು ಒರೆಸಿ, ಪೂರ್ತಿ ಒರೆಸದೆ,
ಕಾಲಿನಡಿ ತೂರಿಸಿದಳು. ಒಂದು ಪದರ.
ಸಾಲದು. ಇನ್ನೊಂದು.

ದಾರ ನಾಲ್ಕೂ ಕಡೆ ಮೈ ಒರಗಿಸಿತು.

ಬೆಲ್ಟು ಹಾಕಿ ಗುಂಡಿ ಒತ್ತಿದ.
ಶೆಡ್ಡಿನ ತುಂಬ ಮೀನೆಣ್ಣೆಯ ಕಮಟು, ಸಣ್ಣ ಗುಂಯ್.
ಲೇತಿನ ಹಾಸಿನ ಮೇಲೆ
ಅಂಚಿನ ಮೇಲೆ ನಿಲ್ಲಿಸಿದ ಹಳೆ ಎಸ್ಕೂಡೊ:
ಯಾವ ಅಂಗಡಿಯಲ್ಲೂ ನಡೆಯದ ನಾಣ್ಯ
ಇಲ್ಲಿ ನಿಂತಿತು.

ನಿಂತೇ ಇದೆ.
ಇಬ್ಬರೂ ಉಸಿರು ಬಿಟ್ಟಿಲ್ಲ.
ಬಟ್ಟೆ ಇನ್ನು ಯಾರು ಒಗೆಯೋದು ಅಂತ
ಅವಳು ಕೇಳಿಲ್ಲ, ಇನ್ನೂ.